ವಯಸ್ಸಾದ ನಾಯಿಯ ಕಾಲುನೋವಿಗೆ ಚೀನಾದ ಸೂಜಿ ಚಿಕಿತ್ಸೆ ಮಾಡಿಸಬಹುದಾ?

ನಿಮ್ಮ ನಾಯಿಗೆ 12 ವರ್ಷ, ಸೊಂಟದ ಕೀಲು ಸವೆದಿದೆ, ನೋವಿನ ಮಾತ್ರೆ ಕೊಟ್ಟರೆ ವಾಂತಿ ಮಾಡುತ್ತದೆ. ಮಾತ್ರೆ ಬಿಟ್ಟು ಚೀನಾದ ಸಾಂಪ್ರದಾಯಿಕ ಚಿಕಿತ್ಸೆ ಕೊಡಿಸಲೇ ಅಂತ ಕೇಳಿದ್ದೀರಿ. ಕೊಡಿಸಿ, ಆದರೆ ಮಾತ್ರೆಯ ಬದಲಿಗಲ್ಲ. ಮೊದಲ ಕೆಲಸ, ಮುಂದಿನ ಮಾತ್ರೆ ಕೊಡುವ ಮುಂಚೆ ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ ವಾಂತಿಯ ವಿಷಯ ಹೇಳಿ. ಬೇರೆ ಔಷಧಿಗಳಿವೆ, ಅವರು ಬದಲಾಯಿಸಿ ಕೊಡುತ್ತಾರೆ.

ನನ್ನ ನಾಯಿಗೂ ಇದೇ ತೊಂದರೆ ಇತ್ತು. ಬೆಳಿಗ್ಗೆ ಏಳಲು ಮೂರು ಸಲ ಪ್ರಯತ್ನ ಮಾಡುತ್ತಿದ್ದ. ನಾವು ಹೋಗಿದ್ದು ಪಶುವೈದ್ಯಕೀಯ ಓದಿ, ಆಮೇಲೆ ಅಕ್ಯುಪಂಕ್ಚರ್, ಅಂದರೆ ಈ ಸೂಜಿ ಚಿಕಿತ್ಸೆ ಕಲಿತ ವೈದ್ಯರ ಹತ್ತಿರ. ಅವರು ಸೂಜಿ ಮುಟ್ಟುವ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ತಣ್ಣಗಿನ ನೆಲದ ಮೇಲೆ ಮಲಗುತ್ತಾನಾ, ಬಿಸಿಲು ಹುಡುಕಿಕೊಂಡು ಹೋಗುತ್ತಾನಾ? ಚಳಿ ದಿನ ಜಾಸ್ತಿ ಕುಂಟುತ್ತಾನಾ? ನಾಲ್ಕು ಹೆಜ್ಜೆ ನಡೆದ ಮೇಲೆ ಕಾಲು ಸಡಿಲ ಆಗುತ್ತಾ? ಆಮೇಲೆ ನಾಲಗೆ ನೋಡಿದರು. ಹಿಂದಿನ ಎರಡೂ ತೊಡೆಗಳ ಒಳಭಾಗಕ್ಕೆ ಬೆರಳಿಟ್ಟು ನಾಡಿ ಹಿಡಿದರು. (ಬೆಳೆದ ಚೌ ಚೌ ತಳಿಯ ನಾಯಿಯ ನಾಲಗೆ ಸಹಜವಾಗಿಯೇ ನೀಲಿಗಪ್ಪು, ಅಲ್ಲಿ ಬಣ್ಣ ನೋಡಿ ಏನೂ ಹೇಳಲು ಬರುವುದಿಲ್ಲ.)

ಆ ಪದ್ಧತಿಯಲ್ಲಿ ಕೀಲುನೋವಿಗೆ 'ಬಿ' ಅನ್ನುತ್ತಾರೆ. ಮೈಯಲ್ಲಿ ಹರಿಯಬೇಕಾದ 'ಚಿ' ಎಂಬ ಜೀವಶಕ್ತಿ ಮತ್ತು ರಕ್ತ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಅದರಲ್ಲಿ ಶೀತದಿಂದ ಹೆಚ್ಚುವ ನೋವು ಬೇರೆ, ಉಷ್ಣದ ನೋವು ಬೇರೆ. ಚಿ ಅನ್ನುವುದು ಎಕ್ಸ್‌ರೇಯಲ್ಲಿ ಕಾಣುವ ವಸ್ತುವಲ್ಲ, ನಾನು ಅದನ್ನು ನಂಬಿಸಲು ಬಂದಿಲ್ಲ. ಆದರೆ ಆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಲ್ಲ ಅಂತ ನಾನು ದಿನಾ ಅವನನ್ನು ನೋಡಿ ಬರೆದಿಡಲು ಶುರು ಮಾಡಿದೆ. ಎರಡನೇ ವಾರ ಒಂದು ವಿಷಯ ಕಣ್ಣಿಗೆ ಬಿತ್ತು. ಎಡ ಹಿಂಗಾಲಿನ ನಡುವಿನ ಉಗುರುಗಳು ಮಾತ್ರ ಮುಂದುಗಡೆ ತೇದುಹೋಗಿದ್ದವು. ಅಂದರೆ ಪಾದ ಎಳೆಯುತ್ತಿದ್ದ. ವೈದ್ಯರು ಅದನ್ನು ನೋಡಿದ ಕೂಡಲೇ, ಇದು ಬರೀ ಕೀಲಿನ ಸಮಸ್ಯೆಯಲ್ಲ, ನರದ್ದೂ ಇರಬಹುದು ಅಂದು ಬೆನ್ನುಮೂಳೆ ಪರೀಕ್ಷೆಗೆ ಕಳಿಸಿದರು. ಡಿಸ್ಕ್ ಜಾರಿತ್ತು. ಸುಮ್ನೆ ಸೂಜಿ ಹಾಕಿಸುತ್ತಾ ಕೂತಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಸೂಜಿಯ ವಿಷಯಕ್ಕೆ ಬರುತ್ತೇನೆ. ಅದು ಕೂದಲಿನಷ್ಟು ತೆಳ್ಳಗಿರುತ್ತದೆ. ಬೆನ್ನುಮೂಳೆ ಸೊಂಟಕ್ಕೆ ಸೇರುವ ಕಡೆ ಒಂದು ತಗ್ಗು ಇದೆಯಲ್ಲ, ಅಲ್ಲಿ ಸೂಜಿ ಚುಚ್ಚುವ ಬಿಂದುವಿಗೆ 'ಬೈಹುಯಿ' ಅನ್ನುತ್ತಾರೆ. ಮನುಷ್ಯರಲ್ಲಿ ಅದೇ ಹೆಸರಿನ ಬಿಂದು ನೆತ್ತಿಯ ಮೇಲಿದೆ! ನನ್ನ ನಾಯಿ ಮೊದಲ ದಿನ ಐದೇ ನಿಮಿಷಕ್ಕೆ ಮೈ ಕೊಡವಿ ಸೂಜಿ ಬೀಳಿಸಿದ. ಮೂರನೇ ಸಲ ಇಪ್ಪತ್ತು ನಿಮಿಷವೂ ನಿದ್ದೆ ಹೊಡೆದ. ಒಂದೂವರೆ ತಿಂಗಳಲ್ಲಿ ಒಂದೇ ಸಲಕ್ಕೆ ಏಳತೊಡಗಿದ. ಆ ಹೊತ್ತಿಗೆ ತೂಕ ಇಳಿಸಿದ್ದೆವು, ಜಾರುವ ನೆಲಕ್ಕೆಲ್ಲ ಚಾಪೆ ಹಾಸಿದ್ದೆವು, ಔಷಧಿಯೂ ನಡೆದಿತ್ತು. ಹಾಗಾಗಿ ಎಲ್ಲಾ ಸೂಜಿಯಿಂದಲೇ ಅಂತ ಹೇಳಲಾರೆ. ಸೂಜಿಗೆ ಸಣ್ಣ ಕರೆಂಟ್ ಕೊಟ್ಟಾಗ ಮೈಯೇ ನೋವು ತಗ್ಗಿಸುವ ಎಂಡಾರ್ಫಿನ್ ಬಿಡುತ್ತದೆ ಅನ್ನುವುದಕ್ಕೆ ಆಧಾರವಿದೆ. ಆದರೆ ಸಾಕುಪ್ರಾಣಿಗಳ ಮೇಲಿನ ಅಕ್ಯುಪಂಕ್ಚರ್ ಪ್ರಯೋಗಗಳನ್ನೆಲ್ಲ 2006ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಮಾಡಿಸಿ ಅನ್ನಲೂ ಬೇಡ ಅನ್ನಲೂ ಸಾಕಷ್ಟು ಗಟ್ಟಿ ಪುರಾವೆ ಸಿಗಲಿಲ್ಲ.

'ಸಾವಿರಾರು ವರ್ಷದಿಂದ ನಾಯಿಗಳಿಗೆ ಮಾಡುತ್ತಿದ್ದಾರೆ' ಅಂತ ಯಾರಾದರೂ ಹೇಳಿದರೆ ಮರುಳಾಗಬೇಡಿ. ಹಳೆಯ ಚೀನಾದಲ್ಲಿ ಈ ವಿದ್ಯೆ ಬೆಳೆದಿದ್ದು ಮುಖ್ಯವಾಗಿ ಕುದುರೆ, ದನಗಳಿಗೆ. 1608ರಲ್ಲಿ ಮಿಂಗ್ ರಾಜವಂಶದ ಕಾಲದ ಇಬ್ಬರು ಅಣ್ಣತಮ್ಮಂದಿರು ಬರೆದ ಹೆಸರಾಂತ ಗ್ರಂಥವೂ ಕುದುರೆ ವೈದ್ಯದ್ದೇ. ನಾಯಿ, ಬೆಕ್ಕಿನ ಬಿಂದುಗಳಲ್ಲಿ ಹೆಚ್ಚಿನವನ್ನು ಮನುಷ್ಯರ ನಕ್ಷೆ ನೋಡಿಕೊಂಡು ಇತ್ತೀಚೆಗೆ ಗುರುತಿಸಿದ್ದು.

ನನಗೆ ನಿಜವಾಗಿ ಭಯ ಇರುವುದು ಗಿಡಮೂಲಿಕೆ ಪುಡಿಗಳ ಬಗ್ಗೆ. ಮಾ ಹುವಾಂಗ್, ಅಂದರೆ ಎಫೆಡ್ರಾ, ನಾಯಿಯ ಎದೆಬಡಿತ ಏರಿಸಿ ಪ್ರಾಣಕ್ಕೇ ಕುತ್ತು ತರಬಹುದು. ಅರಿಸ್ಟೊಲೋಕಿಯಾ ಜಾತಿಯ ಗಿಡಗಳು ಕಿಡ್ನಿ ಹಾಳು ಮಾಡುತ್ತವೆ. ಬೆಕ್ಕಿಗಂತೂ ಇನ್ನೂ ಜಾಸ್ತಿ ಎಚ್ಚರ ಬೇಕು, ನಾವು ಅರಗಿಸಿಕೊಳ್ಳುವ ಎಷ್ಟೋ ಔಷಧಿಗಳನ್ನು ಅದರ ಲಿವರ್ ಅರಗಿಸಿಕೊಳ್ಳಲಾರದು. ಪೊಟ್ಟಣದ ಮೇಲೆ ಒಳಗಿರುವುದೆಲ್ಲ ಬರೆದಿರದಿದ್ದರೆ ತಗೊಳ್ಳಲೇಬೇಡಿ. ಕರಡಿಯ ಪಿತ್ತರಸ ಇದ್ದರಂತೂ ದಯವಿಟ್ಟು ಬೇಡ. ಅದರಲ್ಲಿ ಕೆಲಸ ಮಾಡುವ ಉರ್ಸೋಡಿಆಕ್ಸಿಕೋಲಿಕ್ ಆಮ್ಲವನ್ನು ಈಗ ಕಾರ್ಖಾನೆಯಲ್ಲೇ ತಯಾರಿಸುತ್ತಾರೆ, ಪಶುವೈದ್ಯರು ಲಿವರ್ ತೊಂದರೆಗೆ ಅದನ್ನೇ ಕೊಡುತ್ತಾರೆ. ನಮ್ಮ ಪ್ರಾಣಿಯ ನೋವು ಕಳೆಯಲು ಇನ್ನೊಂದು ಪ್ರಾಣಿ ಪಂಜರದಲ್ಲಿ ನರಳುವುದು ಬೇಡ ಅಲ್ವಾ?

ಊಟದಲ್ಲೂ ಕುರಿಮಾಂಸ ಉಷ್ಣ, ಬಾತುಕೋಳಿ ತಂಪು ಅಂತ ಲೆಕ್ಕವಿದೆ. ಬೇಕಾದರೆ ವೈದ್ಯರನ್ನು ಕೇಳಿ ಮಾಡಿ ನೋಡಿ. ಆದರೆ ಶೀತಕ್ಕೆ ಒಳ್ಳೆಯದು ಅಂತ ಈರುಳ್ಳಿ, ಬೆಳ್ಳುಳ್ಳಿ ಕೊಡಬೇಡಿ, ನಾಯಿ ಬೆಕ್ಕುಗಳ ರಕ್ತಕಣ ಒಡೆಯುತ್ತವೆ.

ಇವತ್ತು ಸಂಜೆ ಅವನು ಮಲಗಿದಾಗ ಹಿಂಗಾಲಿನ ಉಗುರುಗಳನ್ನು ಒಂದೊಂದಾಗಿ ನೋಡಿ. ತೇದುಹೋಗಿದ್ದರೆ ಫೋಟೋ ತೆಗೆದು ವೈದ್ಯರಿಗೆ ತೋರಿಸಿ, ಸೂಜಿಯ ಮಾತು ಅದಾದ ಮೇಲೆ.