ಸಿನಿಮಾ ಮುಗಿದ ಮೇಲೆ ಸಾರ್ಜೆಂಟ್ ಯಾರ್ಕ್ ಏನಾದ?

ಪ್ರಶ್ನೆ: ನಾನು ಸೇನೆಯಿಂದ ನಿವೃತ್ತನಾಗಿ ಊರಲ್ಲಿ ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ಮೊನ್ನೆ ‘ಸಾರ್ಜೆಂಟ್ ಯಾರ್ಕ್’ ಅನ್ನೋ ಹಳೇ ಇಂಗ್ಲಿಷ್ ಸಿನಿಮಾ ನೋಡಿದೆ. ಬಡ ರೈತ ಯುದ್ಧಕ್ಕೆ ಹೋಗಿ 132 ಜರ್ಮನ್ನರನ್ನು ಸೆರೆ ಹಿಡಿಯುತ್ತಾನೆ. ವಾಪಸ್ ಬಂದಾಗ ಜನ ಅವನಿಗೆ ಮನೆ, ಜಮೀನು ಕೊಡುತ್ತಾರೆ. ಅಲ್ಲಿಗೆ ಶುಭಂ. ಇದೆಲ್ಲ ನಿಜವೇ? ಆಮೇಲೆ ಅವನು ಏನಾದ, ಹೇಗೆ ತೀರಿಕೊಂಡ? ಮಗ ಅಟ್ಲಾಂಟಾದಲ್ಲಿದ್ದಾನೆ, ಮುಂದಿನ ವರ್ಷ ಹೋಗುವವರಿದ್ದೇವೆ. ನೋಡುವಂಥದ್ದು ಏನಾದರೂ ಉಳಿದಿದೆಯೇ?
– ಓದುಗರು, ಸೋಮವಾರಪೇಟೆ

ಉತ್ತರ: 132 ನಿಜ. ಜಮೀನಿನ ವಿಷಯ ಅರ್ಧ ನಿಜ. ಸಿನಿಮಾ ಎಲ್ಲಿ ಮುಗಿಯುತ್ತೋ ಅವನ ನಿಜವಾದ ಕಷ್ಟ ಅಲ್ಲೇ ಶುರುವಾಗುತ್ತೆ. ಅದಕ್ಕೇ ನಿಮ್ಮ ಪತ್ರ ಓದಿ ಖುಷಿಯಾಯಿತು. ಎಲ್ಲರೂ ಕೇಳುವುದು ಗುಂಡಿನ ಲೆಕ್ಕ, ನೀವು ಆಮೇಲಿನ ಕಥೆ ಕೇಳಿದ್ದೀರಿ.

ಆಲ್ವಿನ್ ಯಾರ್ಕ್ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಟೆನೆಸಿ ರಾಜ್ಯದ ಪಾಲ್ ಮಾಲ್ ಅನ್ನೋ ಗುಡ್ಡಗಾಡು ಹಳ್ಳಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ಮೂರನೆಯವನು. ಅಪ್ಪ ಬೇಸಾಯದ ಜೊತೆಗೆ ಕಮ್ಮಾರಿಕೆ ಮಾಡುತ್ತಿದ್ದ. ಇವನು ಶಾಲೆ ಕಂಡದ್ದು ಒಟ್ಟು ಒಂಬತ್ತು ತಿಂಗಳು ಇರಬೇಕು ಅಷ್ಟೇ. 1911ರಲ್ಲಿ ಅಪ್ಪ ಹೋದ ಮೇಲೆ ಅಣ್ಣಂದಿರು ಬೇರೆ ಸಂಸಾರ ಹೂಡಿದ್ದರಿಂದ ಮನೆಯ ಭಾರ ಇವನ ಮೇಲೆ ಬಿತ್ತು. ಕುಡಿತ, ಹೊಡೆದಾಟ ಎಲ್ಲ ಇತ್ತು. ಗೆಳೆಯನೊಬ್ಬ ಕುಡಿದ ಜಗಳದಲ್ಲಿ ಸತ್ತ ಮೇಲೆ ಇವನು ಬದಲಾದ. 1915ರ ಹೊತ್ತಿಗೆ ಚರ್ಚು, ಬೈಬಲ್ಲು, ಹೊಲ, ಇಷ್ಟೇ ಅವನ ಪ್ರಪಂಚ.

ಹೀಗಿರುವಾಗ ಮೊದಲ ಮಹಾಯುದ್ಧಕ್ಕೆ ಕಡ್ಡಾಯ ಸೇನಾ ಭರ್ತಿ ಬಂತು. ವಿನಾಯಿತಿ ಬೇಕೇ ಅಂತ ಫಾರಂನಲ್ಲಿ ಕೇಳಿದ್ದಕ್ಕೆ ಇವನು ಬರೆದದ್ದು: ಹೌದು, ಯುದ್ಧ ಮಾಡೋಕೆ ಇಷ್ಟ ಇಲ್ಲ. ಅರ್ಜಿ ತಿರಸ್ಕಾರವಾಯಿತು. ತರಬೇತಿ ಶಿಬಿರದಲ್ಲಿ ಗುರಿ ಬಲು ಚೆನ್ನಾಗಿತ್ತು, ಆದರೆ ಮನುಷ್ಯರಿಗೆ ಗುಂಡು ಹೊಡೆಯೋದು ಹೇಗೆ ಅನ್ನೋದೇ ಚಿಂತೆ. ಮೇಜರ್ ಬಕ್ಸ್‌ಟನ್, ಕ್ಯಾಪ್ಟನ್ ಡ್ಯಾನ್‌ಫೋರ್ತ್ ಇಬ್ಬರೂ ಬೈದು ಕಳಿಸಲಿಲ್ಲ. ಬೈಬಲ್ ಮುಂದಿಟ್ಟುಕೊಂಡು ಅವನ ಜೊತೆ ವಾದ ಮಾಡಿದರು, ಊರಿಗೆ ಹೋಗಿ ಯೋಚಿಸಿ ಬಾ ಅಂತ ರಜೆ ಕೊಟ್ಟರು. ಅವನು ವಾಪಸ್ ಬಂದ. ಸೇನೆಯಲ್ಲಿದ್ದವರು ನೀವು, ಇಂಥ ಮೇಲಧಿಕಾರಿಗಳು ಎಷ್ಟು ಅಪರೂಪ ಅಂತ ನನಗಿಂತ ಚೆನ್ನಾಗಿ ಗೊತ್ತಿರುತ್ತೆ ಅಲ್ವಾ?

ಈಗ 132ರ ಲೆಕ್ಕ. 1918ರ ಅಕ್ಟೋಬರ್ 8, ಫ್ರಾನ್ಸಿನ ಆರ್ಗಾನ್ ಕಾಡು. ಸಾರ್ಜೆಂಟ್ ಅರ್ಲಿಯ ಕೈಕೆಳಗೆ 17 ಜನ ಶತ್ರುವಿನ ಬೆನ್ನ ಹಿಂದೆ ನುಸುಳಿದರು. ಜರ್ಮನ್ನರ ಒಂದು ಗುಂಪು ತಿಂಡಿ ತಿನ್ನುತ್ತಿದ್ದಾಗಲೇ ಸಿಕ್ಕಿಬಿದ್ದಿತು. ಅಷ್ಟರಲ್ಲಿ ಗುಡ್ಡದ ಮೇಲಿನ ಮೆಷಿನ್ ಗನ್‌ಗಳು ಈ ಕಡೆ ತಿರುಗಿದವು. ಆರು ಜನ ಸತ್ತರು, ಅರ್ಲಿ ಸೇರಿ ಮೂವರು ಗಾಯಗೊಂಡರು. ಉಳಿದ ಎಂಟು ಜನರಿಗೆ ಕಾರ್ಪೊರಲ್ ಯಾರ್ಕ್ ದಿಕ್ಕಾದ. ಆರು ಜರ್ಮನ್ನರು ಬಂದೂಕಿಗೆ ಬಯೋನೆಟ್ ಸಿಕ್ಕಿಸಿ ಸಾಲಾಗಿ ನುಗ್ಗಿದಾಗ ಅವನು ಪಿಸ್ತೂಲಿನಿಂದ ಮೊದಲು ಹೊಡೆದದ್ದು ಕೊನೆಯವನನ್ನು, ಆಮೇಲೆ ಅವನ ಮುಂದಿನವನನ್ನು. ಊರಲ್ಲಿ ಕಾಡು ಟರ್ಕಿ ಕೋಳಿ ಹೊಡೆಯುವಾಗ ಕಲಿತ ಉಪಾಯ ಅದು. ಮುಂದಿನದಕ್ಕೆ ಮೊದಲು ಹೊಡೆದರೆ ಹಿಂದಿನವೆಲ್ಲ ಚದುರಿಬಿಡುತ್ತವೆ. ಕೊನೆಗೆ ಜರ್ಮನ್ ಲೆಫ್ಟಿನೆಂಟ್ ಫೋಲ್ಮರ್ ಶರಣಾದ. ಅವನನ್ನೇ ಮುಂದೆ ನಡೆಸಿಕೊಂಡು ಹೋಗಿ ದಾರಿಯಲ್ಲಿ ಸಿಕ್ಕ ಉಳಿದವರಿಂದಲೂ ಆಯುಧ ಕೆಳಗಿಡಿಸಿದರು. ಎಣಿಸಿದಾಗ 132 ಜನ. ಒಬ್ಬನೇ ಮಾಡಿದ್ದು ಅಂತ ಪತ್ರಿಕೆಗಳು ಬರೆದದ್ದಕ್ಕೆ ಜೊತೆಗಿದ್ದವರಲ್ಲಿ ಕೆಲವರು ಬೇಜಾರು ಮಾಡಿಕೊಂಡರು. ಅದು ನ್ಯಾಯವೇ. ಅರ್ಲಿಗೂ ಪದಕ ಬಂತು, ಆದರೆ ತುಂಬಾ ತಡವಾಗಿ.

1919ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮೆರವಣಿಗೆ. ಜಾಹೀರಾತು, ನಾಟಕ, ಸಿನಿಮಾ ಅಂತ ದುಡ್ಡು ಹಿಡಿದು ನಿಂತವರಿಗೆಲ್ಲ ಅವನ ಉತ್ತರ ಒಂದೇ, ಸಮವಸ್ತ್ರ ಮಾರಾಟಕ್ಕಿಲ್ಲ. ಸೀದಾ ಊರಿಗೆ ಹೋಗಿ ಜೂನ್ 7ರಂದು ಗ್ರೇಸಿಯನ್ನು ಮದುವೆಯಾದ.

ಇನ್ನು ಜಮೀನು. ನ್ಯಾಶ್‌ವಿಲ್‌ನ ರೋಟರಿ ಕ್ಲಬ್ ಚಂದಾ ಎತ್ತಿ ಸುಮಾರು 400 ಎಕರೆ ಕೊಡಿಸಲು ಮುಂದಾದದ್ದು ನಿಜ. ಆದರೆ ಪೂರ್ತಿ ಹಣ ಕಟ್ಟಿರಲಿಲ್ಲ, ಕಂತಿನ ಮೇಲೆ ತೆಗೆದದ್ದು. ಬೇಸಾಯಕ್ಕೆ ಬೇಕಾದ ಸಾಮಾನೂ ಅಲ್ಲಿ ಪೂರ್ತಿ ಇರಲಿಲ್ಲ, ಅದಕ್ಕೆ ಇವನೇ ಸಾಲ ಮಾಡಿದ. ಯುದ್ಧ ಮುಗಿದ ಮೇಲೆ ಬೆಳೆಯ ಬೆಲೆ ಪಾತಾಳಕ್ಕಿಳಿಯಿತು. ಇತ್ತ ಚಂದಾ ಬರೋದು ನಿಂತು ಕ್ಲಬ್ಬಿಗೆ ಕಂತು ಕಟ್ಟಲಾಗಲಿಲ್ಲ, ಅದೂ ಇವನ ತಲೆಗೇ ಬಂತು. ಉಡುಗೊರೆ ಅಂತ ಕೊಟ್ಟ ಜಮೀನಿಗೆ ತಾನೇ ಸಾಲಗಾರ! 1921ರಲ್ಲಿ ಬೇರೆ ದಾರಿ ಕಾಣದೆ ಜನರ ಮುಂದೆ ಕೈಚಾಚಿದ. ಅವನ ಮನೆಯ ಲೆಕ್ಕ ಪತ್ರಿಕೆಗಳಲ್ಲಿ ಚರ್ಚೆಗೆ ಬಂತು, ಕೆಲವರು ಚುಚ್ಚಿಯೂ ಬರೆದರು. ಎಂಥ ಕಷ್ಟಕ್ಕೂ ಹೊಂದಿಕೊಂಡೇನು, ಸಾಲ ಇಟ್ಟುಕೊಂಡು ಬದುಕೋದು ಮಾತ್ರ ನನ್ನಿಂದಾಗದು ಅನ್ನೋ ಅರ್ಥದ ಮಾತು ಹೇಳಿದ್ದ. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ದೇಶದ ಬೇರೆ ಬೇರೆ ಕಡೆಯಿಂದ ಹಣ ಬಂದು ಸಾಲ ತೀರಿತು. ಮೆಷಿನ್ ಗನ್ ಮುಂದೆ ನಿಂತದ್ದು ಒಂದು ಬೆಳಗ್ಗೆ, ಕಂತಿನ ಮುಂದೆ ನಿಂತದ್ದು ಎರಡು ವರ್ಷ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ನೋಯಿಸಿರಬೇಕು.

ಇಷ್ಟಾದ ಮೇಲೆ ಯಾರಾದರೂ ಸುಮ್ನೆ ತಮ್ಮ ಹೊಲ ನೋಡಿಕೊಂಡು ಇರುತ್ತಿದ್ದರು. ಇವನು ಇರಲಿಲ್ಲ. ಬೆಟ್ಟದ ಮಕ್ಕಳು ಓದಬೇಕು ಅಂತ ಹಟ ಹಿಡಿದು 1926ರಲ್ಲಿ ಪಕ್ಕದ ಜೇಮ್ಸ್‌ಟೌನ್‌ನಲ್ಲಿ ಶಾಲೆ ಕಟ್ಟಿಸಿದ. ಶಾಲೆಯ ಬಸ್ಸಿನ ಖರ್ಚಿಗೆ ತನ್ನ ಜಮೀನನ್ನೇ ಅಡ ಇಟ್ಟ. ಸಾಲ ಅಂದರೆ ಬೆಚ್ಚುತ್ತಿದ್ದ ಅದೇ ಮನುಷ್ಯ! 1937ರಲ್ಲಿ ಶಾಲೆಯನ್ನು ರಾಜ್ಯ ಸರ್ಕಾರ ವಹಿಸಿಕೊಂಡಿತು.

ಸಿನಿಮಾಕ್ಕೆ ಒಪ್ಪಿದ್ದೂ ಹೀಗೇ. ಇಪ್ಪತ್ತು ವರ್ಷ ಬೇಡ ಅಂದವನು, ಬೈಬಲ್ ಶಾಲೆಗೆ ಹಣ ಬೇಕು ಅಂತ ಒಪ್ಪಿಕೊಂಡ. 1941ರಲ್ಲಿ ತೆರೆಗೆ ಬಂತು. ಯಾರ್ಕ್ ಪಾತ್ರ ಮಾಡಿದ ಗ್ಯಾರಿ ಕೂಪರ್‌ಗೆ ಆಸ್ಕರ್ ಬಂತು, ಯಾರ್ಕ್‌ಗೆ ಮೊದಲ ಎರಡು ವರ್ಷದಲ್ಲೇ ಸುಮಾರು 1,50,000 ಡಾಲರ್. ಹಣ ಬಂದ ಹಾಗೇ ಹೋಯಿತು. ಕೇಳಿದವರಿಗೆ ಇಲ್ಲ ಅನ್ನುವ ಸ್ವಭಾವ ಅವನದಲ್ಲ. ಹತ್ತು ವರ್ಷದ ಮೇಲೆ ತೆರಿಗೆ ಇಲಾಖೆ ಬಾಕಿ ಕಟ್ಟು ಅಂತ ಕೂತಿತು. ಬಡ್ಡಿ ಸೇರಿ ಬಾಕಿ 1,72,000 ಡಾಲರ್ ದಾಟಿತು. 1954ರಲ್ಲಿ ಪಾರ್ಶ್ವವಾಯು ಹೊಡೆದು ಅವನು ಹಾಸಿಗೆ ಹಿಡಿದದ್ದು ಈ ವ್ಯಾಜ್ಯದ ನಡುವೆಯೇ. ಅಮೆರಿಕದ ಸಂಸತ್ತಿನ ಸ್ಪೀಕರ್ ಸ್ಯಾಮ್ ರೇಬರ್ನ್ ಮುಂತಾದವರು ಚಂದಾ ಎತ್ತಿದರು. 1961ರಲ್ಲಿ ಇಲಾಖೆ 25,000 ಡಾಲರ್‌ಗೆ ಲೆಕ್ಕ ಚುಕ್ತಾ ಮಾಡಿತು. ಎರಡು ಸಲವೂ ಅವನನ್ನು ಸಾಲದಿಂದ ಬಿಡಿಸಿದ್ದು ಜನರ ಚಂದಾನೇ ನೋಡಿ.

ಆಮೇಲೆ ಮೂರು ವರ್ಷ ಬದುಕಿದ್ದ. 1964ರ ಸೆಪ್ಟೆಂಬರ್ 2ರಂದು ನ್ಯಾಶ್‌ವಿಲ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ, 76 ವರ್ಷ. ಅಂತ್ಯಕ್ರಿಯೆಗೆ ಅಧ್ಯಕ್ಷ ಜಾನ್ಸನ್ ಪರವಾಗಿ ಜನರಲ್ ರಿಡ್ಜ್‌ವೇ ಬಂದಿದ್ದರು. ಮಣ್ಣು ಮಾಡಿದ್ದು ಅವನ ಊರಲ್ಲೇ, ವುಲ್ಫ್ ರಿವರ್ ಸ್ಮಶಾನದಲ್ಲಿ. ಗ್ರೇಸಿ ಇನ್ನೂ ಇಪ್ಪತ್ತು ವರ್ಷ ಇದ್ದಳು. ಅವಳ ಸಮಾಧಿಯೂ ಅಲ್ಲೇ ಇದೆ.

ನೋಡುವಂಥದ್ದು ಧಾರಾಳವಾಗಿದೆ. ಯಾರ್ಕ್ ತರಬೇತಿ ಪಡೆದ ಕ್ಯಾಂಪ್ ಗಾರ್ಡನ್ ನಿಮ್ಮ ಮಗನ ಅಟ್ಲಾಂಟಾದ ಪಕ್ಕದಲ್ಲೇ, ಚಾಂಬ್ಲಿಯಲ್ಲಿತ್ತು. ಈಗ ಆ ಜಾಗದಲ್ಲಿ ಸಣ್ಣ ವಿಮಾನ ನಿಲ್ದಾಣವಿದೆ, ಅದಕ್ಕಾಗಿ ಪ್ರತ್ಯೇಕ ಹೋಗೋದು ಬೇಡ. ಪಾಲ್ ಮಾಲ್‌ಗೆ ಮಾತ್ರ ಹೋಗಿ. ಅವನ ಜಮೀನು ಈಗ ರಾಜ್ಯದ ಸಂರಕ್ಷಿತ ಸ್ಥಳ. ಮನೆ ಇದೆ, ಹೊಳೆ ದಂಡೆಯಲ್ಲಿ ಅವನು ನಡೆಸುತ್ತಿದ್ದ ಹಿಟ್ಟಿನ ಗಿರಣಿ ಇದೆ. ಕಾರಿನಲ್ಲಿ ದೂರದ ಪ್ರಯಾಣ, ಬೆಟ್ಟದ ರಸ್ತೆ. ಒಂದು ರಾತ್ರಿ ಉಳಿಯುವ ಹಾಗೆ ಹೊರಡಿ. ಜೇಮ್ಸ್‌ಟೌನ್ ಹತ್ತಿರದಲ್ಲೇ ಇದೆ, ಶಾಲೆಯನ್ನೂ ನೋಡಿ ಬನ್ನಿ. ಈಗಲೂ ನಡೆಯುತ್ತಿದೆ, ಹೆಸರೂ ಅವನದೇ.