ಮಾಯದ ಗಾಯ, ಒಳಗಿನ ಉರಿ

ಪ್ರಶ್ನೆ: ನನಗೆ 54 ವರ್ಷ, ಅಡಿಕೆ ತೋಟ ಇದೆ. ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 8.1, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 210, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ 36, ಬಿಪಿ 136/88. ಕಾಲಿಗೆ ಇಂಬಳ ಕಚ್ಚಿದ್ದನ್ನು ಕೆರೆದು ಹುಣ್ಣಾಗಿದೆ, ಮೂರು ವಾರವಾದರೂ ಮಾಯುತ್ತಿಲ್ಲ. ಉರಿಯೂತ ತೋರಿಸುವ ರಕ್ತಪರೀಕ್ಷೆ ಎಚ್‌ಎಸ್ ಸಿಆರ್‌ಪಿ 6.4 ಬಂದಿದೆ. ಸಕ್ಕರೆ ಇದ್ದವರಲ್ಲಿ ರಕ್ತನಾಳ ರಿಪೇರಿ ಮಾಡುವ ಜೀವಕೋಶಗಳೇ ಕಡಿಮೆ ಎಂದು ಮಗ ಓದಿದ್ದಾನೆ. ಅವನ್ನು ಎಣಿಸಬಹುದೇ? ಇಂಜೆಕ್ಷನ್ ಸಿಗುತ್ತದೆಯೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಗ ಓದಿದ್ದು ಸರಿ. ಮೂಳೆಮಜ್ಜೆಯಿಂದ ಹೊರಟು ನಾಳದ ಒಳಪದರ ಸರಿಪಡಿಸಲು ನೆರವಾಗುವ ಈ ಕೋಶಗಳನ್ನು 1997ರಲ್ಲಿ ಸಂಶೋಧಕ ಅಸಹಾರ ಮತ್ತು ಸಂಗಡಿಗರು ವರದಿ ಮಾಡಿದರು. ಇವು ತಾವೇ ಗೋಡೆಯಾಗುವುದಕ್ಕಿಂತ ಹೆಚ್ಚಾಗಿ, ಬೆಳವಣಿಗೆಯ ಸಂಕೇತಗಳನ್ನು ಸ್ರವಿಸಿ ಅಕ್ಕಪಕ್ಕದ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತವೆ. ಮಜ್ಜೆಯಿಂದ ಹೊರಬರಲು ದೇಹವೇ ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬೇಕು. ಸಕ್ಕರೆ ಏರಿದಾಗ ಅದು ಕುಗ್ಗುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಸುರಿಸುವ ಟಿಎನ್‌ಎಫ್, ಐಎಲ್-6ನಂಥ ಉರಿಯೂತದ ವಸ್ತುಗಳು, ಹೊರಬಂದ ಕೋಶಗಳನ್ನೂ ಬೇಗ ಸೊರಗಿಸುತ್ತವೆ.

ಎಣಿಕೆಗೆ ಫ್ಲೋ ಸೈಟೋಮೆಟ್ರಿ (ಕೋಶಗಳನ್ನು ಲೇಸರ್ ಬೆಳಕಿನಲ್ಲಿ ಗುರುತಿಸುವ ವಿಧಾನ) ಬೇಕು; ಅದು ಸಂಶೋಧನೆಗಷ್ಟೇ, ಚಿಕಿತ್ಸೆಯನ್ನು ಅದರ ಮೇಲೆ ಯಾರೂ ನಿರ್ಧರಿಸುವುದಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್ ಎಂದು ದುಡ್ಡು ಕೇಳುವವರ ಬಳಿ ದಯವಿಟ್ಟು ಹೋಗಬೇಡಿ. ಮಧುಮೇಹದ ಹುಣ್ಣಿಗೆ ಅದು ನಮ್ಮ ದೇಶದಲ್ಲಿ ಮಾನ್ಯವಾದ ಚಿಕಿತ್ಸೆಯಲ್ಲ.

ಇನ್ನು ಆ 6.4. ಹುಣ್ಣು ಹಸಿಯಿರುವಾಗ ತೆಗೆಸಿದ ಸಿಆರ್‌ಪಿಯಿಂದ ಹೃದಯದ ಅಪಾಯ ಅಳೆಯಲಾಗದು, ಹುಣ್ಣೇ ಅದನ್ನು ಏರಿಸಿರಬಹುದು. ಪೂರ್ತಿ ಮಾಗಿದ ಮೇಲೆ, ಜ್ವರ ಶೀತ ಇಲ್ಲದಾಗ ಮತ್ತೆ ಮಾಡಿಸಿ. ಆಗಲೂ 3ಕ್ಕಿಂತ ಮೇಲಿದ್ದರೆ ಲೆಕ್ಕಕ್ಕೆ ತಗೊಳ್ಳಿ.

ಮೊದಲ ಕೆಲಸ ಕಾಲು. ಮೂರು ವಾರ ಕಾದದ್ದೇ ಹೆಚ್ಚಾಯಿತು, ಈ ವಾರವೇ ತೋರಿಸಿ. 10 ಗ್ರಾಂ ಮೊನೊಫಿಲಮೆಂಟಿನಿಂದ (ಪಾದಕ್ಕೆ ಒತ್ತಿ ನೋಡುವ ನೈಲಾನ್ ಎಳೆ) ಸ್ಪರ್ಶ ನೋಡಲಿ, ಪಾದದ ನಾಡಿ ಮುಟ್ಟಿ ನೋಡಲಿ, ಕಣಕಾಲು ಮತ್ತು ತೋಳಿನ ಬಿಪಿ ಅನುಪಾತ ತೆಗೆಯಲಿ. 0.9ಕ್ಕಿಂತ ಕಡಿಮೆಯಿದ್ದರೆ ಕಾಲಿಗೆ ರಕ್ತ ಸಾಲುತ್ತಿಲ್ಲ. 1.3 ದಾಟಿದರೂ ಸಮಾಧಾನ ಬೇಡ, ಸಕ್ಕರೆ ಇದ್ದವರ ನಾಳ ಸುಣ್ಣಗಟ್ಟಿ ಬಿಗಿದಿರಬಹುದು, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಕೇಳಿ. ಕೀವು, ಕಪ್ಪಾಗುವುದು, ಹರಡುವ ಕೆಂಪು, ಜ್ವರ ಕಂಡರೆ ಅಂದೇ ಆಸ್ಪತ್ರೆ.

ಮನೆಯಲ್ಲಿ ಸೋಪು ನೀರಲ್ಲಿ ತೊಳೆದು, ಬೆರಳ ಸಂದಿನವರೆಗೂ ಒರೆಸಿ, ಶುಭ್ರ ಗಾಜ್ ಕಟ್ಟಿ. ಇಂಬಳ ಬಿಡಿಸಲು ಹಚ್ಚುವ ಸುಣ್ಣ, ಹೊಗೆಸೊಪ್ಪು ಹುಣ್ಣಿಗೆ ತಾಗಬಾರದು, ಸುಣ್ಣ ಹಸಿ ಚರ್ಮ ಸುಡುತ್ತದೆ, ಹೊಗೆಸೊಪ್ಪು ಕೆರಳಿಸುತ್ತದೆ. ಗಮ್‌ಬೂಟಿನೊಳಗೆ ಒದ್ದೆ ಕಾಲು ಮಳೆಗಾಲದಲ್ಲಿ ಬೇಗ ಕೊಳೆಯುತ್ತದೆ. ಮಾಯುವವರೆಗೆ ತೋಟಕ್ಕೆ ಬೇರೆಯವರನ್ನು ಕಳಿಸಿ.

ಸೊಂಟದ ಅಳತೆ ನೀವು ಬರೆದಿಲ್ಲ. ಪಂಚೆ ಕಟ್ಟುವ ಜಾಗದಲ್ಲಿ ಅಳೆದರೆ ತಪ್ಪು ಬರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವೆ ಟೇಪಿಟ್ಟು ಉಸಿರು ಬಿಟ್ಟಾಗ ಓದಿ. ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ಅದಿಲ್ಲದೆಯೂ ನಿಮಗೆ ಮೆಟಬಾಲಿಕ್ ಸಿಂಡ್ರೋಮ್ (ಹೃದಯಕ್ಕೆ ಅಪಾಯ ತರುವ ಲಕ್ಷಣಗಳ ಗುಂಪು) ಇದೆ; ಸೊಂಟ, ಸಕ್ಕರೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಬಿಪಿ ಈ ಐದರಲ್ಲಿ ಮೂರು ಲಕ್ಷಣ ಸಾಕು.

ರಿಪೇರಿ ಕೋಶಗಳನ್ನು ಹೆಚ್ಚಿಸುವುದು ಮಾಮೂಲಿ ದಾರಿಗಳೇ: ಬೀಡಿ, ಹೊಗೆಸೊಪ್ಪು ಬಿಡುವುದು, ವಾರಕ್ಕೆ 150 ನಿಮಿಷದ ವ್ಯಾಯಾಮ (ಹುಣ್ಣಿರುವಷ್ಟು ದಿನ ಕೂತೇ ತೋಳಿನದು), ಸಕ್ಕರೆ ಹತೋಟಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗೂ ಈ ಗುಣವಿದೆ. ನಿಮ್ಮ ವಯಸ್ಸಿನ ಮಧುಮೇಹಿಗಳಿಗೆ ಅದು ಹೇಗೂ ಸಲಹೆಯಾದ್ದರಿಂದ ವೈದ್ಯರನ್ನು ಕೇಳಿ.

ಪ್ರಶ್ನೆ: ವಸಡಿನಲ್ಲಿ ರಕ್ತ ಬರುವುದಕ್ಕೂ ಸಕ್ಕರೆಗೂ ಸಂಬಂಧವುಂಟೇ?
– ಓದುಗರು, ಸಾಗರ

ಉತ್ತರ: ಉಂಟು. ವಸಡಿನ ಸೋಂಕು ಮೈಯೆಲ್ಲ ಉರಿಯೂತ ಹೆಚ್ಚಿಸಿ ಸಕ್ಕರೆಯನ್ನು ಏರಿಸುತ್ತದೆ. ದಂತವೈದ್ಯರಲ್ಲಿ ವಸಡಿನಡಿಯವರೆಗೂ ಸ್ವಚ್ಛ ಮಾಡಿಸಿ, ಮೂರು ತಿಂಗಳ ಬಳಿಕ ಎಚ್‌ಬಿಎ1ಸಿ ನೋಡಿ.