ಆಲ್ಬಂ ಲ್ಯಾಬಿನ ಫೈಲ್ ಸರ್ವರ್‌ನಿಂದ ಸ್ಪ್ಯಾಮ್ ಹೋಗುತ್ತಿದೆ, ಪಾಸ್‌ವರ್ಡ್ ಬದಲಿಸಿದರೆ ಸಾಕಾ?

ಸಾಕಾಗುವುದಿಲ್ಲ. ಪಾಸ್‌ವರ್ಡ್ ಬದಲಿಸಲೇಬೇಕು, ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ.

ನೀವು ಬರೆದಿದ್ದು ಇಷ್ಟು. ಗೋಣಿಕೊಪ್ಪದಲ್ಲಿ ನಿಮ್ಮ ಆಲ್ಬಂ ಪ್ರಿಂಟಿಂಗ್ ಲ್ಯಾಬ್. ವಿರಾಜಪೇಟೆ, ಸಿದ್ದಾಪುರ, ಪೊನ್ನಂಪೇಟೆ ಕಡೆಯ ಸ್ಟುಡಿಯೋದವರು ಮದುವೆ ಫೋಟೋಗಳನ್ನು ನಿಮ್ಮ ಲಿನಕ್ಸ್ ಸರ್ವರ್‌ಗೆ ಹಾಕುತ್ತಾರೆ. ಎಲ್ಲರಿಗೂ ಒಂದೇ ಯೂಸರ್ ನೇಮ್, ಒಂದೇ ಪಾಸ್‌ವರ್ಡ್. ಫೈಲ್ ಕಳಿಸುವ ಹಳೆಯ ವಿಧಾನ ಎಫ್‌ಟಿಪಿಯೂ ಇದೆ, ಎನ್‌ಕ್ರಿಪ್ಟ್ ಮಾಡಿ ಕಳಿಸುವ ಎಸ್‌ಎಫ್‌ಟಿಪಿಯೂ ಇದೆ. ಈಗ ಡಿಸ್ಕ್ ತುಂಬಿ ಹೋಗಿದೆ. ನಿಮ್ಮ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಸ್ಪ್ಯಾಮ್ ಹೋಗುತ್ತಿದೆ ಅಂತ ಇಂಟರ್ನೆಟ್ ಕಂಪನಿಯಿಂದ ಎಚ್ಚರಿಕೆ ಬಂದಿದೆ. ಸರ್ವರ್‌ನಲ್ಲಿ ಮೇಲ್ ಸಾಫ್ಟ್‌ವೇರೇ ಇಲ್ಲ, ಆ ಅಕೌಂಟ್‌ಗೆ ಕಮಾಂಡ್ ಟೈಪ್ ಮಾಡುವ ಶೆಲ್ ಕೂಡ ಕೊಟ್ಟಿಲ್ಲ, ಮತ್ತೆ ಮೇಲ್ ಹೋಗುವುದು ಹೇಗೆ ಅಂತ ಕೇಳಿದ್ದೀರಿ.

ನಾನು ಮಡಿಕೇರಿಯಲ್ಲಿ ಇಂಥ ಸಣ್ಣ ಸರ್ವರ್‌ಗಳನ್ನು ನೋಡಿಕೊಳ್ಳುವವನು. ನಿಮ್ಮಲ್ಲಿ ನಡೆದಿರುವುದನ್ನು ಬೇರೆ ಕಡೆಯೂ ನೋಡಿದ್ದೇನೆ. ಹೆಚ್ಚಿನ ಸಲ ಬಂದವನು ಏನನ್ನೂ ಒಡೆದಿರುವುದಿಲ್ಲ. ಆ ಅಕೌಂಟ್‌ಗೆ ನಾವೇ ಬಿಟ್ಟುಕೊಟ್ಟಿದ್ದನ್ನು ಬಳಸಿಕೊಂಡಿರುತ್ತಾನೆ, ಅಷ್ಟೇ. ಕಣಕ್ಕೆ ಕಾಫಿ ಇಳಿಸಲು ಬಂದವನಿಗೆ ಗೋಡೌನ್ ಕೀ ಕೊಡುತ್ತೀರಾ? ಇಲ್ಲಿ ಆಗಿರುವುದು ಅದೇ.

ಎಸ್‌ಎಫ್‌ಟಿಪಿ ಓಡುವುದು ಎಸ್‌ಎಸ್‌ಎಚ್ ಮೇಲೆ, ಅಂದರೆ ದೂರದಿಂದ ಸುರಕ್ಷಿತವಾಗಿ ಸರ್ವರ್‌ಗೆ ಲಾಗಿನ್ ಆಗುವ ವ್ಯವಸ್ಥೆಯ ಮೇಲೆ. ಎಸ್‌ಎಸ್‌ಎಚ್‌ಗೆ ಫೈಲ್ ಸಾಗಿಸುವುದರ ಜೊತೆ ಇನ್ನೊಂದು ಕೆಲಸ ಗೊತ್ತು. ಅದೇ ಪೋರ್ಟ್ ಫಾರ್ವರ್ಡಿಂಗ್. ಲಾಗಿನ್ ಆದವನು ತನ್ನ ಇಂಟರ್ನೆಟ್ ಸಂಪರ್ಕಗಳನ್ನು ನಿಮ್ಮ ಸರ್ವರ್ ಮೂಲಕ ಹೊರಗೆ ಕಳಿಸಬಹುದು. ಇದಕ್ಕೆ ಶೆಲ್ ಬೇಕಾಗಿಲ್ಲ. ಶೆಲ್ ಜಾಗದಲ್ಲಿ ಫಾಲ್ಸ್ ಅಂತ ಹಾಕಿ ಕಮಾಂಡ್ ತಡೆದಿದ್ದರೂ, ಯಾವ ಕಮಾಂಡೂ ಬೇಡ ಅಂತ ಹೇಳಿ ಒಳಗೆ ಬಂದು ಸುಮ್ನೆ ಕೂತು, ಫಾರ್ವರ್ಡಿಂಗ್ ಮಾತ್ರ ಬಳಸಬಹುದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಚ್‌ನಲ್ಲಿ ನೀವಾಗಿ ಮುಚ್ಚದಿದ್ದರೆ ಇದು ತೆರೆದೇ ಇರುತ್ತದೆ. ಸ್ಪ್ಯಾಮ್ ಕಳಿಸುವವನು ಹೊರಗಿನ ಮೇಲ್ ಸರ್ವರ್‌ಗಳ 25ನೇ ಪೋರ್ಟ್‌ಗೆ, ಅಂದರೆ ಮೇಲ್ ಒಪ್ಪಿಕೊಳ್ಳುವ ನಂಬರ್ ಬಾಗಿಲಿಗೆ, ಈ ದಾರಿಯಲ್ಲಿ ಹೋಗುತ್ತಾನೆ. ಆ ಕಡೆಯವರಿಗೆ ಕಾಣಿಸುವುದು ನಿಮ್ಮ ಐಪಿ.

ಇದನ್ನು ಖಚಿತ ಮಾಡಿಕೊಳ್ಳಲು ಎಸ್‌ಎಸ್‌ಎಚ್ ಲಾಗ್ ತೆಗೆದು ನೋಡಿ. ಸ್ಟುಡಿಯೋದವರು ಫೈಲ್ ಕಳಿಸುವ ಸಾಫ್ಟ್‌ವೇರ್ ಫೈಲ್‌ಜಿಲ್ಲಾದಿಂದ ಎಸ್‌ಎಫ್‌ಟಿಪಿಯಲ್ಲಿ ಬಂದಾಗ ಎರಡು ಸಾಲು ಬೀಳುತ್ತವೆ. ಮೊದಲು ಪಾಸ್‌ವರ್ಡ್ ಒಪ್ಪಿದ ಸಾಲು, ಸ್ವಲ್ಪ ಕೆಳಗೆ ಎಸ್‌ಎಫ್‌ಟಿಪಿ ಸಬ್‌ಸಿಸ್ಟಮ್ (ಫೈಲ್ ಸಾಗಿಸುವ ಭಾಗ) ಕೇಳಿದ ಸಾಲು. ಕಳ್ಳ ಬಂದಾಗ ಮೊದಲನೆಯದು ಮಾತ್ರ ಇರುತ್ತದೆ. ಲಾಗಿನ್ ಆಗಿದೆ, ಗಂಟೆಗಟ್ಟಲೆ ಸಂಪರ್ಕ ಇದೆ, ಆದರೆ ಫೈಲ್ ಕೇಳಿಯೇ ಇಲ್ಲ. ಸ್ಪ್ಯಾಮ್ ಹೋಗುತ್ತಿರುವ ಹೊತ್ತಿನಲ್ಲೇ ಈಗಿರುವ ಸಂಪರ್ಕಗಳನ್ನು ತೋರಿಸುವ ಎಸ್‌ಎಸ್ ಕಮಾಂಡ್ ಹಾಕಿ ನೋಡಿದರೆ, ಎಸ್‌ಎಸ್‌ಎಚ್‌ಡಿ (ಸರ್ವರ್‌ನಲ್ಲಿ ಓಡುವ ಎಸ್‌ಎಸ್‌ಎಚ್) ಪ್ರಾಸೆಸ್ಸಿನಿಂದಲೇ ಊರೂರಿನ 25ನೇ ಪೋರ್ಟ್‌ಗೆ ಸಾಲುಸಾಲು ಸಂಪರ್ಕ ಕಾಣಿಸುತ್ತವೆ. ಫೈಲ್ ಸರ್ವರ್‌ಗೆ ಅಲ್ಲೇನು ಕೆಲಸ, ಅಲ್ವಾ?

ಡಿಸ್ಕ್ ತುಂಬಿದ್ದು ಇದಕ್ಕಿಂತ ಹಳೆಯ ಕಥೆ. ಬರೆಯಲು ಬಿಟ್ಟ ಎಫ್‌ಟಿಪಿ ಫೋಲ್ಡರ್ ಸಿಕ್ಕಿದರೆ ಪೈರೇಟೆಡ್ ಸಿನಿಮಾ, ಸಾಫ್ಟ್‌ವೇರ್ ತಂದು ಸುರಿಯುತ್ತಾರೆ, ಅಲ್ಲಿಂದಲೇ ಹಂಚುತ್ತಾರೆ. ಫೋಲ್ಡರ್ ಹೆಸರು ಚುಕ್ಕಿಯಿಂದ ಶುರುವಾಗಿರುತ್ತದೆ, ಇಲ್ಲಾ ಬರೀ ಖಾಲಿ ಜಾಗವೇ ಹೆಸರಾಗಿರುತ್ತದೆ. ಅಡಗಿದ ಫೈಲ್‌ಗಳನ್ನೂ ತೋರಿಸು ಅಂತ ಹೇಳಿ ಪಟ್ಟಿ ತೆಗೆಯಿರಿ.

ಈಗ ಮಾಡಬೇಕಾದ್ದು. ಎಸ್‌ಎಸ್‌ನಲ್ಲಿ ಕಂಡದ್ದನ್ನು ಉಳಿಸಿಕೊಂಡ ಕೂಡಲೇ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಯಾವುದನ್ನೂ ಅಳಿಸಬೇಡಿ. ಲಾಗ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಸಣ್ಣ ಲ್ಯಾಬ್ ಅಂತ ಬಿಡಬೇಡಿ. ನಾಳೆ ಯಾರಾದರೂ ಕೇಳಿದರೆ ನೀವು ಕಳಿಸಿದ್ದಲ್ಲ ಅನ್ನುವುದಕ್ಕೆ ಆ ಲಾಗೇ ಸಾಕ್ಷಿ. ಆಮೇಲೆ ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ. ಒಳಗೆ ಇನ್ನೇನು ಬಿಟ್ಟು ಹೋಗಿದ್ದಾನೋ ಹುಡುಕುತ್ತಾ ಕೂರುವುದಕ್ಕಿಂತ ಇದು ಬೇಗ ಮುಗಿಯುತ್ತದೆ, ನಂಬಬಹುದು ಕೂಡ.

ಹೊಸ ಸರ್ವರ್‌ನಲ್ಲಿ ಎಫ್‌ಟಿಪಿ ಬೇಡವೇ ಬೇಡ. ಅದನ್ನು ಅಭಯ್ ಭೂಷಣ್ ಬರೆದಿದ್ದು 1971ರಲ್ಲಿ. ಕಾನ್ಪುರ ಐಐಟಿಯಲ್ಲಿ ಓದಿ ಎಂಐಟಿಗೆ ಹೋದವರು. ಆಗ ನೆಟ್‌ವರ್ಕ್‌ನಲ್ಲಿದ್ದಿದ್ದು ಕೆಲವೇ ಸಂಸ್ಥೆಗಳು. ಹಾಗಾಗಿ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಹೋದರೂ ಆ ಕಾಲಕ್ಕೆ ನಡೆಯಿತು. ಈಗ ನಡೆಯುವುದಿಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಎಫ್‌ಟಿಪಿ ಕೈಬಿಟ್ಟವು. ಎಸ್‌ಎಫ್‌ಟಿಪಿಯಾದರೆ ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಅಪ್‌ಲೋಡ್ ಮುಂದುವರಿಸಲು ಆಗುವುದಿಲ್ಲ ಅಂತ ಕೆಲವರು ಹೆದರುತ್ತಾರೆ. ಆಗುತ್ತದೆ. ಫೈಲ್‌ಜಿಲ್ಲಾದಲ್ಲಿ ರೆಸ್ಯೂಮ್ ಒತ್ತಿದರೆ ಸಾಕು.

ಒಂದೊಂದು ಸ್ಟುಡಿಯೋಗೆ ಒಂದೊಂದು ಅಕೌಂಟ್ ಮಾಡಿ. ಇದರಲ್ಲಿ ರಾಜಿ ಬೇಡ. ಅಷ್ಟೂ ಅಕೌಂಟ್‌ಗಳನ್ನು ಒಂದು ಗ್ರೂಪ್‌ಗೆ ಸೇರಿಸಿ, ಎಸ್‌ಎಸ್‌ಎಚ್‌ಡಿ ಕಾನ್ಫಿಗ್ (ಸೆಟ್ಟಿಂಗ್ ಫೈಲ್)ನಲ್ಲಿ ಆ ಗ್ರೂಪ್‌ಗೆ ಮೂರು ಮಾತು ಬರೆಯಿರಿ. ಫೋರ್ಸ್‌ಕಮಾಂಡ್‌ನಲ್ಲಿ ಇಂಟರ್ನಲ್-ಎಸ್‌ಎಫ್‌ಟಿಪಿ, ಅಂದರೆ ಫೈಲ್ ಕೆಲಸ ಬಿಟ್ಟು ಬೇರೆ ಕಮಾಂಡ್ ಇಲ್ಲ. ಸಿಎಚ್‌ರೂಟ್‌ಡೈರೆಕ್ಟರಿಯಲ್ಲಿ ಅವರವರ ಫೋಲ್ಡರ್, ಅಂದರೆ ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ. ಡಿಸೇಬಲ್‌ಫಾರ್ವರ್ಡಿಂಗ್‌ಗೆ ಯೆಸ್, ಅಂದರೆ ಫಾರ್ವರ್ಡಿಂಗ್ ಬಂದ್. ಈ ಮೂರನೆಯದನ್ನೇ ಜನ ಮರೆಯುವುದು. ಮೊದಲೆರಡು ಹಾಕಿದ ಮೇಲೂ ಫಾರ್ವರ್ಡಿಂಗ್ ಬಾಗಿಲು ತೆರೆದೇ ಇರುತ್ತದೆ, ಸ್ಪ್ಯಾಮ್ ಹೋಗುತ್ತಲೇ ಇರುತ್ತದೆ.

ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಇದೆ. ಸಿಎಚ್‌ರೂಟ್ ಫೋಲ್ಡರ್ ಸರ್ವರ್‌ನ ಯಜಮಾನ ಅಕೌಂಟ್ ಆದ ರೂಟ್ ಹೆಸರಲ್ಲೇ ಇರಬೇಕು, ಬೇರೆ ಯಾರಿಗೂ ಅದರಲ್ಲಿ ಬರೆಯುವ ಅನುಮತಿ ಇರಬಾರದು. ಇದ್ದರೆ ಲಾಗಿನ್ನೇ ಆಗುವುದಿಲ್ಲ. ಆಗ ಸಿಟ್ಟಿನಲ್ಲಿ ಆ ಸಾಲನ್ನೇ ಅಳಿಸಬೇಡಿ. ಒಳಗೆ ಅಪ್‌ಲೋಡ್ ಅಂತ ಇನ್ನೊಂದು ಫೋಲ್ಡರ್ ಮಾಡಿ, ಅದನ್ನು ಸ್ಟುಡಿಯೋ ಅಕೌಂಟ್ ಹೆಸರಿಗೆ ಕೊಡಿ.

ಪಾಸ್‌ವರ್ಡ್ ಬದಲು ಕೀ (ಅವರ ಕಂಪ್ಯೂಟರ್‌ನಲ್ಲಿ ಇಡುವ ಗುರುತಿನ ಫೈಲ್) ಇದ್ದರೆ ಒಳ್ಳೆಯದು. ಫೈಲ್‌ಜಿಲ್ಲಾ, ಅಂಥದ್ದೇ ಇನ್ನೊಂದಾದ ವಿನ್‌ಎಸ್‌ಸಿಪಿ ಎರಡರಲ್ಲೂ ಕೀ ನಡೆಯುತ್ತದೆ. ಒಂದು ಸಲ ಹೋಗಿ ಹಾಕಿಕೊಟ್ಟರೆ ಸ್ಟುಡಿಯೋದವರು ಮತ್ತೆ ಏನೂ ಟೈಪ್ ಮಾಡಬೇಕಿಲ್ಲ. ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕುವ ಐಪಿಯನ್ನು ತಡೆಯುವ ಫೇಲ್‌2ಬ್ಯಾನ್ ಹಾಕಿ, ಆದರೆ ಅದನ್ನೇ ನಂಬಿಕೊಳ್ಳಬೇಡಿ. ನೂರಾರು ಐಪಿಯಿಂದ ಒಂದೊಂದೇ ಸಲ ಪ್ರಯತ್ನಿಸುವವನನ್ನು ಅದು ಹಿಡಿಯುವುದಿಲ್ಲ. ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ಬದಲಿಸಿದರೆ ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅದಕ್ಕಿಂತ ಜಾಸ್ತಿ ಏನಿಲ್ಲ. ಗೊತ್ತಿರುವ ಐಪಿಗಳಿಗೆ ಮಾತ್ರ ಬಿಡಿ ಅನ್ನುವ ಸಲಹೆಯೂ ಸಿಗುತ್ತದೆ. ನಮ್ಮ ಕಡೆ ಅರ್ಧ ಸ್ಟುಡಿಯೋಗಳು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇರುವಾಗ ಅದು ಆಗದ ಮಾತು.

ಫೈರ್‌ವಾಲ್ ಅಂದರೆ ಎಲ್ಲರೂ ಒಳಗೆ ಬರುವುದನ್ನೇ ನೋಡುತ್ತಾರೆ. ಹೊರಗೆ ಹೋಗುವುದನ್ನೂ ಕಟ್ಟಿ. ಮೇಲ್ ಹೋಗುವ 25, 465, 587 ಈ ಮೂರು ಪೋರ್ಟ್‌ಗಳು ಆ ಸರ್ವರ್‌ಗೆ ಬೇಕಾಗಿಲ್ಲ. ಪ್ರತಿ ಅಕೌಂಟ್‌ಗೆ ಡಿಸ್ಕ್ ಕೋಟಾ (ಜಾಗದ ಮಿತಿ) ಇಡಿ, ಲಾಗ್‌ಗಳಿಗೆ ಬೇರೆ ಪಾರ್ಟಿಶನ್ (ಡಿಸ್ಕ್‌ನ ಬೇರೆ ಭಾಗ) ಕೊಡಿ. ಡಿಸ್ಕ್ ತುಂಬಿದರೆ ಲಾಗ್ ಬರೆಯುವುದೂ ನಿಲ್ಲುತ್ತದೆ, ಆಗ ಏನಾಯಿತು ಅಂತ ತಿಳಿಯುವ ದಾರಿಯೂ ಹೋಗುತ್ತದೆ. ಅಪ್‌ಲೋಡ್ ಇರುವ ಪಾರ್ಟಿಶನ್ನನ್ನು ನೋಎಕ್ಸೆಕ್ ಮಾಡಿ, ಅಂದರೆ ಅಲ್ಲಿಂದ ಪ್ರೋಗ್ರಾಂ ನೇರವಾಗಿ ಓಡದಂತೆ ಮಾಡಿ. ಲ್ಯಾಬಿನ ವೆಬ್‌ಸೈಟ್ ಅದೇ ಮಷೀನ್‌ನಲ್ಲಿದ್ದರೆ ಅಪ್‌ಲೋಡ್ ಫೋಲ್ಡರ್ ಯಾವ ಕಾರಣಕ್ಕೂ ವೆಬ್ ಫೋಲ್ಡರ್ ಒಳಗೆ ಇರಬಾರದು. ಫೋಟೋ ಬದಲು ಒಂದು ಪಿಎಚ್‌ಪಿ ಫೈಲ್ (ವೆಬ್ ಸರ್ವರ್ ಓಡಿಸುವ ಪ್ರೋಗ್ರಾಂ) ಬಿದ್ದರೆ ಬ್ರೌಸರ್‌ನಿಂದಲೇ ಅದನ್ನು ಓಡಿಸುತ್ತಾರೆ.

ಮಳೆಗಾಲದ ವಿಷಯ ಬೇರೆಯಾಗಿ ಹೇಳಬೇಕು. ಜೂನ್‌ನಿಂದ ನಮ್ಮಲ್ಲಿ ಕರೆಂಟ್ ಕಥೆ ನಿಮಗೇ ಗೊತ್ತು. ಮರ ಬೀಳುತ್ತದೆ, ಲೈನ್ ಹೋಗುತ್ತದೆ, ಯುಪಿಎಸ್ ಖಾಲಿಯಾಗುತ್ತದೆ, ಸರ್ವರ್ ಆಫ್ ಆಗಿ ಯಾವಾಗಲೋ ಆನ್ ಆಗುತ್ತದೆ. ಕೈಯಲ್ಲಿ ಟೈಪ್ ಮಾಡಿದ ಫೈರ್‌ವಾಲ್ ರೂಲ್‌ಗಳನ್ನು ಸೇವ್ ಮಾಡಿರದಿದ್ದರೆ ಅಷ್ಟೂ ಹೋಗಿರುತ್ತವೆ. ಫೇಲ್‌2ಬ್ಯಾನ್ ತಾನಾಗಿ ಶುರುವಾಗುವಂತೆ ಎನೇಬಲ್ ಮಾಡಿರದಿದ್ದರೆ ಅದೂ ಎದ್ದಿರುವುದಿಲ್ಲ. ಫೈಲ್ ಮಾತ್ರ ಬರುತ್ತಿರುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ಮಷೀನ್‌ನಲ್ಲಿ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಗಡಿಯಾರವೂ ಹಿಂದಕ್ಕೆ ಹೋಗಿ ಲಾಗ್‌ನ ತಾರೀಕು ತಪ್ಪಾಗುತ್ತದೆ. ಎಲ್ಲಾ ಸೆಟ್ ಮಾಡಿದ ಮೇಲೆ ನೀವೇ ಒಮ್ಮೆ ರೀಬೂಟ್ ಮಾಡಿ, ರೂಲ್, ಫೇಲ್‌2ಬ್ಯಾನ್, ಟೈಮ್ ಮೂರನ್ನೂ ನೋಡಿ.

ಸಾಫ್ಟ್‌ವೇರನ್ನು ಡಿಸ್ಟ್ರೋದ ರೆಪಾಸಿಟರಿಯಿಂದಲೇ (ನಿಮ್ಮ ಲಿನಕ್ಸ್‌ನವರದ್ದೇ ಸಂಗ್ರಹದಿಂದ) ಹಾಕಿ, ಅಪ್‌ಡೇಟ್ ನಿಲ್ಲಿಸಬೇಡಿ. 2011ರಲ್ಲಿ ಎಫ್‌ಟಿಪಿ ಸರ್ವರ್ ಸಾಫ್ಟ್‌ವೇರ್ ವಿಎಸ್‌ಎಫ್‌ಟಿಪಿಡಿ 2.3.4ರ ಡೌನ್‌ಲೋಡ್ ಫೈಲಿಗೇ ಯಾರೋ ಹಿಂಬಾಗಿಲು ಸೇರಿಸಿದ್ದರು. ಯೂಸರ್ ನೇಮ್‌ನಲ್ಲಿ ನಗುಮುಖದ ಗುರುತು ಹಾಕಿದರೆ 6200ನೇ ಪೋರ್ಟ್‌ನಲ್ಲಿ ರೂಟ್ ಶೆಲ್ ತೆರೆದುಕೊಳ್ಳುತ್ತಿತ್ತು. ದುಡ್ಡು ಕೊಟ್ಟು ತಂದದ್ದಕ್ಕೂ ಅಪ್‌ಡೇಟ್ ತಪ್ಪುವುದಿಲ್ಲ. 2023ರಲ್ಲಿ ಮೂವ್‌ಇಟ್ ಅನ್ನುವ ಫೈಲ್ ಸಾಗಿಸುವ ದುಬಾರಿ ಸಾಫ್ಟ್‌ವೇರ್‌ನ ಒಂದು ದೋಷದಿಂದ ಜಗತ್ತಿನಾದ್ಯಂತ ದೊಡ್ಡ ದೊಡ್ಡ ಸಂಸ್ಥೆಗಳ ಡೇಟಾ ಕಳವಾಯಿತು.

ನನಗೆ ಎಲ್ಲಕ್ಕಿಂತ ಚಿಂತೆ ಆ ಫೋಟೋಗಳದ್ದು. ಮದುವೆ ಮನೆಯವರು ನಂಬಿ ಕೊಟ್ಟ ಚಿತ್ರಗಳು ಅವು, ಹೆಣ್ಣುಮಕ್ಕಳದ್ದು, ಮಕ್ಕಳದ್ದು. ಪ್ರಿಂಟ್ ಮುಗಿದ ಕೂಡಲೇ ಅವನ್ನು ಇಂಟರ್ನೆಟ್ ಇಲ್ಲದ ಒಳಗಿನ ಮಷೀನ್‌ಗೆ ಎಳೆದುಕೊಂಡು ಸರ್ವರ್‌ನಿಂದ ತೆಗೆದುಬಿಡಿ. ಅಲ್ಲಿ ಇಲ್ಲದ್ದನ್ನು ಯಾರೂ ಕದಿಯಲಾರರು.

ಇವತ್ತೇ ಎಲ್ಲಾ ಸ್ಟುಡಿಯೋಗಳಿಗೂ ಫೋನ್ ಮಾಡಿ. ಫೋಟೋಗಳು ಹೊರಗಿನವರ ಕೈಗೆ ಹೋಗಿರಬಹುದು ಅಂತ ನೇರವಾಗಿ ಹೇಳಿ. ಅದೇ ಪಾಸ್‌ವರ್ಡನ್ನು ಜಿಮೇಲ್‌ನಲ್ಲೋ ಬ್ಯಾಂಕ್‌ನಲ್ಲೋ ಯಾರಾದರೂ ಇಟ್ಟುಕೊಂಡಿದ್ದರೆ ಈಗಲೇ ಬದಲಿಸಲಿ. ಎಸ್‌ಎಸ್ ಕಮಾಂಡ್‌ನಲ್ಲಿ ಏನು ಕಾಣಿಸಿತು ಅಂತ ಇಲ್ಲಿ ಹಾಕಿ, ನಿಮ್ಮ ಐಪಿ ಮಾತ್ರ ಅಳಿಸಿರಿ. ನೋಡಿ ಹೇಳುತ್ತೇನೆ.